ಹಳದಿ ಲೈಟು ಹೊತ್ತಿದ್ದಕ್ಕೆ ಡಿಪಿಎಫ್ ಕತ್ತರಿಸಬೇಕಾ?

ಪ್ರಶ್ನೆ: ನಮ್ಮದು ಅಮ್ಮತ್ತಿ ಹತ್ತಿರ ಕಾಫಿ ತೋಟ. ಗಾಡಿ 2021ರ ಡೀಸೆಲ್ ಕಾಂಪ್ಯಾಕ್ಟ್ ಎಸ್‌ಯುವಿ, ಬಿಎಸ್6 ಹೊಗೆ ನಿಯಮದ್ದು. ಓಡಿರುವುದು 46 ಸಾವಿರ ಕಿ.ಮೀ. ಮಳೆ ಹಿಡಿದಾಗಿನಿಂದ ಮೀಟರ್ ಬೋರ್ಡಿನಲ್ಲಿ ಒಂದು ಹಳದಿ ಲೈಟು ಆಗಾಗ ಬರುತ್ತಿತ್ತು. ಡಬ್ಬಿಯೊಳಗೆ ಚುಕ್ಕಿ ಇಟ್ಟ ಹಾಗಿರುವ ಚಿತ್ರ. ಕಳೆದ ತಿಂಗಳು ಕಣ್ಣೂರಿನಿಂದ ವಾಪಸ್ ಬರುವಾಗ ಮಾಕುಟ್ಟ ಘಾಟಿಯಲ್ಲಿ ಅದರ ಜೊತೆ ಇಂಜಿನ್ ಲೈಟೂ ಹೊತ್ತಿತು, ಪಿಕಪ್ ಪೂರ್ತಿ ಹೋಯಿತು. ಲಾರಿಗಳ ಹಿಂದೆ ಎರಡನೇ ಗೇರಿನಲ್ಲೇ ಹತ್ತಿದೆವು. ಆಫ್ ಮಾಡಿ ಸ್ಟಾರ್ಟ್ ಮಾಡಿದ ಮೇಲೆ ಪಿಕಪ್ ಬಂತು, ಲೈಟು ಹೋಗಲಿಲ್ಲ. ಒಬ್ಬ ಮೆಕ್ಯಾನಿಕ್ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದ. ನಾಲ್ಕು ದಿನ ಸುಮ್ಮನಿತ್ತು, ಮತ್ತೆ ಬಂತು. ಇನ್ನೊಬ್ಬರು ಡಿಪಿಎಫ್ (ಹೊಗೆಯ ಮಸಿ ಸೋಸುವ ಫಿಲ್ಟರ್) ಕತ್ತರಿಸಿ, ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಮ್ಯಾಪಿಂಗ್ ಮಾಡಿಕೊಡುತ್ತೇನೆ, 35 ಸಾವಿರ ಅಂತಾರೆ. ಸರ್ವೀಸ್ ಸೆಂಟರಿನಲ್ಲಿ ಹೊಸ ಡಿಪಿಎಫ್ ಹಾಕಬೇಕು ಅಂತ ಲಕ್ಷದ ಮೇಲೆ ಎಸ್ಟಿಮೇಟ್ ಕೊಟ್ಟರು. ನಾನು ಗಾಡಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟಿಂಗ್‌ನಲ್ಲಿ ಬಿಟ್ಟು ಬಿಸಿ ಮಾಡಿಯೇ ಹೊರಡುವುದು. 1500 ಆರ್‌ಪಿಎಂ ದಾಟಿಸುವುದೇ ಅಪರೂಪ. ಆಯಿಲ್ ಒಂದು ಚೂರೂ ಕಮ್ಮಿಯಾಗಿಲ್ಲ, ಮ್ಯಾಕ್ಸ್ ಗೆರೆಗಿಂತ ಸ್ವಲ್ಪ ಮೇಲೇ ಇದೆ. ದಿನದ ಓಡಾಟ ಮಗಳ ಸ್ಕೂಲು, ಪೇಟೆ, ತೋಟ, ಇಷ್ಟೇ. ಒಂದು ಸಲಕ್ಕೆ ಏಳೆಂಟು ಕಿ.ಮೀ. ಮುಂದಿನ ವಾರ ಅಮ್ಮನನ್ನು ಮೈಸೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈ ಗಾಡಿಯಲ್ಲಿ ಹೋಗಬಹುದಾ? ನಮ್ಮ ಹಳೇ ಜೀಪಿನಲ್ಲಿ ಇಂಥ ಕಾಟ ಇರಲೇ ಇಲ್ಲ. ಇದನ್ನು ಮಾರಿ ಪೆಟ್ರೋಲ್ ಗಾಡಿ ತೆಗೆದುಕೊಳ್ಳುವುದೇ ವಾಸಿಯಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಲೈಟಲ್ಲ. ಆಯಿಲ್ ಮ್ಯಾಕ್ಸ್ ಗೆರೆಗಿಂತ ಮೇಲಿದೆ ಅಂತ ಖುಷಿಯಿಂದ ಬರೆದಿದ್ದೀರಲ್ಲ, ಆ ಮಾತು. ಇಂಜಿನ್ ಆಯಿಲ್ ತಾನಾಗಿಯೇ ಹೆಚ್ಚಾಗುವ ವಸ್ತು ಅಲ್ಲ. ಹೆಚ್ಚಾಗಿದೆ ಅಂದರೆ ಏನೋ ಸೇರಿದೆ. ನಿಮ್ಮ ಗಾಡಿಯ ಲಕ್ಷಣ ನೋಡಿದರೆ ಸೇರಿರುವುದು ಬಹುತೇಕ ಡೀಸೆಲ್.

ಹಾಗಾಗಿ ಮೈಸೂರಿನ ಮಾತು ಆಮೇಲೆ. ಇವತ್ತೇ ಒಂದು ಕೆಲಸ ಮಾಡಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಮ್ಮ ಕಡೆ ಮನೆ ಮುಂದಿನ ಅಂಗಳವೂ ಇಳಿಜಾರೇ, ಅಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅದೇ ಸರಿಯಾದ ಜಾಗ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಆಯಿಲ್ ಕೆಳಗಿಳಿಯಲಿ. ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಪೂರ್ತಿ ಹಾಕಿ ತೆಗೆಯಿರಿ. ಗೆರೆ ನೋಡಿದ ಮೇಲೆ ತುದಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ಆಮೇಲೆ ಒಂದು ಹನಿಯನ್ನು ಎರಡು ಬೆರಳ ಮಧ್ಯೆ ಉಜ್ಜಿ. ಡೀಸೆಲ್ ವಾಸನೆ ಘಾಟಾಗಿ ಬಂದು, ಜಿಡ್ಡು ಕಮ್ಮಿ ಇದ್ದು ನೀರು ನೀರಾಗಿದ್ದರೆ ನನ್ನ ಅನುಮಾನ ಸರಿ. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಗಿರುವುದು ಸಹಜ, ಬಣ್ಣ ನೋಡಿ ಗಾಬರಿಯಾಗಬೇಡಿ. ಕೊನೇ ಸರ್ವೀಸಿನಲ್ಲೇ ಯಾರೋ ಜಾಸ್ತಿ ಸುರಿದಿರುವ ಸಾಧ್ಯತೆಯೂ ಇದೆ, ಅಂಥದ್ದನ್ನೂ ನೋಡಿದ್ದೇನೆ. ಆದರೆ ಆಗ ಡೀಸೆಲ್ ವಾಸನೆ ಇರುವುದಿಲ್ಲ.

ವಾಸನೆ ಇದ್ದರೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸುವವರೆಗೆ ಗಾಡಿಯನ್ನು ಪೇಟೆಯ ಗ್ಯಾರೇಜಿಗಿಂತ ಆಚೆ ಒಯ್ಯಬೇಡಿ. ತೆಳ್ಳಗಾದ ಆಯಿಲ್ ಮೊದಲು ಹೊಡೆಯುವುದು ಟರ್ಬೊ ಬೇರಿಂಗಿಗೆ, ಕ್ರ್ಯಾಂಕ್ ಬೇರಿಂಗಿಗೆ. ತೀರಾ ಜಾಸ್ತಿಯಾದರೆ ಇಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಸುಡಲು ಶುರು ಮಾಡಬಹುದು. ಆಗ ಕೀ ತೆಗೆದರೂ ಇಂಜಿನ್ ನಿಲ್ಲದೆ ಕಿರುಚಿಕೊಂಡು ಓಡುತ್ತದೆ. ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಇಂಜಿನ್ನೇ ಹೋದ ಹಾಗೆ. ಇಷ್ಟು ದೊಡ್ಡ ಅಪಾಯಕ್ಕೆ ಹೆಚ್ಚಿನ ಗಾಡಿಗಳಲ್ಲಿ ನೇರವಾಗಿ ಒಂದು ಲೈಟೂ ಇಲ್ಲ ನೋಡಿ. ಕೆಂಪು ಆಯಿಲ್ ಲೈಟು ಹೇಳುವುದು ಪ್ರೆಶರ್ ಬಿತ್ತು ಅಂತ, ಲೆವೆಲ್ ಏರಿತು ಅಂತ ಅಲ್ಲ.

ಈ ಡೀಸೆಲ್ ಆಯಿಲ್‌ಗೆ ಹೇಗೆ ಹೋಯಿತು?

ಇಲ್ಲಿ ಡಿಪಿಎಫ್ ವಿಚಾರ ಬರುತ್ತದೆ. ಡೀಸೆಲ್ ಹೊಗೆಯಲ್ಲಿರುವ ಕರಿಮಸಿಯನ್ನು ಹಿಡಿದಿಡುವ ಸೆರಾಮಿಕ್ ಜಾಲರಿ ಅದು. ಒಳಗೆ ಸಣ್ಣ ಸಣ್ಣ ಕೊಳವೆಗಳು. ಒಂದು ಕೊಳವೆಯ ಮುಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂದಿನ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಮೂಲಕ ಸೋಸಿಕೊಂಡು ಹೋಗಲೇಬೇಕು, ಮಸಿ ಒಳಗೇ ಉಳಿಯುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಡೀಸೆಲ್ ಕಾರುಗಳಿಗೆ ಇದು ಬಂತು. ನಿಮ್ಮ ಜೀಪಿನಲ್ಲಿ ಕಾಟ ಇರಲಿಲ್ಲ, ನಿಜ. ಅದರಲ್ಲಿ ಫಿಲ್ಟರೇ ಇರಲಿಲ್ಲ. ಆ ಮಸಿಯೆಲ್ಲ ಹಿಂದೆ ಬರುವವರ ಶ್ವಾಸಕೋಶಕ್ಕೆ ಹೋಗುತ್ತಿತ್ತು.

ಹಿಡಿದಿಟ್ಟ ಮಸಿಯನ್ನು ಸುಡಲೇಬೇಕು, ಇಲ್ಲದಿದ್ದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಸುಡುವುದಕ್ಕೆ ರೀಜನರೇಷನ್ ಅಂತಾರೆ, ಗ್ಯಾರೇಜಿನಲ್ಲಿ ನಾವು ರೀಜನ್ ಅಂತೀವಿ. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಲಾಂಗ್ ಡ್ರೈವಿನಲ್ಲಿ ಸೈಲೆನ್ಸರ್ ಲೈನ್ ಬಿಸಿಯಾಗಿರುವಾಗ, ಅಷ್ಟು ಬಿಸಿ ಇಲ್ಲದಿದ್ದರೂ, ಸ್ವಲ್ಪ ಮಸಿ ತಾನಾಗಿಯೇ ಸುಡುತ್ತಾ ಹೋಗುತ್ತದೆ. ಸಾಲದೇ ಹೋದರೆ ಇಂಜಿನ್ ಕಂಪ್ಯೂಟರ್ ಒಂದು ಉಪಾಯ ಮಾಡುತ್ತದೆ. ಸಿಲಿಂಡರಿನಲ್ಲಿ ಉರಿಯುವ ಕೆಲಸ ಮುಗಿದ ಮೇಲೆ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಸೈಲೆನ್ಸರ್ ಲೈನಿಗೆ ಹೋಗಿ, ಡಿಪಿಎಫ್ ಮುಂದೆ ಇರುವ ಕ್ಯಾಟಲಿಸ್ಟಿನಲ್ಲಿ ಉರಿದು, ಬೇಕಾದ ಬಿಸಿ ಕೊಡುತ್ತದೆ. ಈ ಕೆಲಸ ಹತ್ತರಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ.

ನಿಮ್ಮ ಮನೆಯಿಂದ ಸ್ಕೂಲಿಗೆ ಏಳೆಂಟು ಕಿ.ಮೀ. ಇಂಜಿನ್ ಬಿಸಿಯಾಗುವಷ್ಟರಲ್ಲೇ ಅರ್ಧ ದಾರಿ ಮುಗಿದಿರುತ್ತದೆ. ರೀಜನ್ ಶುರುವಾಗುತ್ತದೆ, ಐದು ನಿಮಿಷಕ್ಕೆ ನೀವು ಸ್ಕೂಲ್ ಗೇಟಿನಲ್ಲಿ ಆಫ್ ಮಾಡುತ್ತೀರಿ. ವಾಪಸ್ ಬರುವಾಗ ಮತ್ತೆ ಶುರು, ಮನೆ ಶೆಡ್ಡಿನಲ್ಲಿ ಮತ್ತೆ ಆಫ್. ಪ್ರತಿ ಸಲವೂ ಹೆಚ್ಚುವರಿ ಡೀಸೆಲ್ ಚಿಮ್ಮಿರುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್‌ಗೆ ಇಳಿಯುತ್ತದೆ. ದೂರ ಓಡಿಸುವವರ ಗಾಡಿಯಲ್ಲಿ ಆಯಿಲ್ ಚೆನ್ನಾಗಿ ಕಾದು ಅದು ಸ್ವಲ್ಪ ಮಟ್ಟಿಗೆ ಆವಿಯಾಗುತ್ತದೆ. ನಿಮ್ಮದರಲ್ಲಿ ಆವಿಯಾಗುವಷ್ಟು ಕಾಯುವುದೇ ಇಲ್ಲ.

ಇನ್ನು ಆ ಬೆಳಗಿನ ಹತ್ತು ನಿಮಿಷ. ಕೊಡಗಿನಲ್ಲಿ ಇದು ಮನೆಮನೆಯ ಅಭ್ಯಾಸ, ಮಂಜು ಮುಸುಕಿದ ಹೊತ್ತಿನಲ್ಲಿ ಗಾಡಿ ಸ್ಟಾರ್ಟ್ ಮಾಡಿಟ್ಟು ಒಳಗೆ ಹೋಗಿ ಕಾಫಿ ಕುಡಿಯುವುದು. ಹಳೇ ಇಂಜಿನ್‌ಗಳ ಕಾಲದಲ್ಲಿ ಕಲಿತದ್ದು, ಬಿಟ್ಟಿಲ್ಲ. ಡೀಸೆಲ್ ಇಂಜಿನ್ ನಿಂತಲ್ಲೇ ಓಡಿದರೆ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಮಸಿ ಮಾತ್ರ ಕಟ್ಟುತ್ತದೆ. ಅರ್ಧ ನಿಮಿಷ ಸಾಕು. ಮೊದಲ ಎರಡು ಮೂರು ಕಿ.ಮೀ. ಮೆಲ್ಲಗೆ ಓಡಿಸಿ, ಅದೇ ವಾರ್ಮ್ ಅಪ್.

1500 ದಾಟಿಸದಿರುವುದೂ ಹಾಗೆಯೇ. ಮೈಲೇಜ್ ಸಿಗುತ್ತದೆ ಅಂತ ನಾಲ್ಕನೇ ಗೇರಿನಲ್ಲಿ ಗುಡುಗುಡು ಎನ್ನಿಸಿಕೊಂಡು ಏರು ಹತ್ತಿಸುವವರು ತುಂಬಾ ಜನ. ಕಮ್ಮಿ ಆರ್‌ಪಿಎಂನಲ್ಲಿ ಭಾರ ಎಳೆಸಿದರೆ ಮಸಿ ಜಾಸ್ತಿ, ಬಿಸಿ ಸಾಲದು. ಒಂದು ಗೇರ್ ಕೆಳಗೆ ಹಾಕಿ 2000 ದಾಟಿಸಿ. ಇಂಜಿನ್ ಸವೆದುಹೋಗಲ್ಲ.

ಮಳೆಗೂ ಲೈಟಿಗೂ ಸಂಬಂಧ ಇದೆಯಾ?

ಇದೆ, ಆದರೆ ಜನ ಹೇಳುವ ರೀತಿಯಲ್ಲಿ ಅಲ್ಲ. ‘ಬಂಕಿನಲ್ಲಿ ನೀರು ಬೆರೆತ ಡೀಸೆಲ್ ಹಾಕಿದ್ದಾರೆ’ ಅನ್ನುವುದು ನಮ್ಮಲ್ಲಿ ಮಳೆಗಾಲದ ಮಾಮೂಲಿ ಮಾತು. ಡೀಸೆಲಿನಲ್ಲಿ ನೀರಿದ್ದರೆ ಅದಕ್ಕೆ ಬೇರೆಯೇ ಲೈಟು ಇರುತ್ತದೆ, ಫಿಲ್ಟರ್ ಕೆಳಗೆ ಹನಿ ಇರುವ ಚಿತ್ರ. ನಿಮಗೆ ಅದು ಬಂದಿಲ್ಲ.

ಮಳೆಗಾಲದಲ್ಲಿ ನಿಮ್ಮ ಓಡಾಟ ಬದಲಾಗುತ್ತದೆ. ದೂರ ಹೋಗುವುದು ಕಮ್ಮಿ, ಹೊಂಡ ತಪ್ಪಿಸುತ್ತಾ ನಿಧಾನಕ್ಕೆ ಓಡಿಸುವುದು ಜಾಸ್ತಿ, ಸೈಲೆನ್ಸರ್ ಲೈನಿನ ಮೇಲೆ ನೀರು ಎರಚಿ ತಣ್ಣಗಾಗುತ್ತಲೇ ಇರುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣವನ್ನು ನಾನು ಜುಲೈ, ಆಗಸ್ಟಿನಲ್ಲಿ ಪದೇ ಪದೇ ನೋಡುತ್ತೇನೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡಿಪಿಎಫ್ ಕಟ್ಟಿಕೊಂಡಿದೆ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಜಾಲರಿಯ ಹಿಂದೆ ಮುಂದೆ ಪ್ರೆಶರ್ ಎಷ್ಟಿದೆ ಅಂತ ಹೋಲಿಸುವ ಒಂದು ಸೆನ್ಸರ್ ಇದೆ. ಬೆಂಕಿಪೊಟ್ಟಣದಷ್ಟು ದೊಡ್ಡದು. ಅದಕ್ಕೆ ಸಾಮಾನ್ಯವಾಗಿ ಎರಡು ರಬ್ಬರ್ ಪೈಪು, ಒಂದು ಡಿಪಿಎಫ್ ಮುಂದಿನಿಂದ, ಇನ್ನೊಂದು ಹಿಂದಿನಿಂದ. ಪೈಪು ಬೆರಳಿಗಿಂತ ಸಪೂರ. ಬಿಸಿಗೆ ಗಟ್ಟಿಯಾಗಿ, ಕ್ಲಿಪ್ ಹಾಕಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮೇಲಿನಿಂದ ನೋಡಿದರೆ ಕಾಣಲ್ಲ. ಪೈಪನ್ನು ಹಿಡಿದು ಬಗ್ಗಿಸಿದಾಗ ಮಾತ್ರ ಬಿರುಕು ಬಾಯಿ ಬಿಡುತ್ತದೆ, ಅಂಚಿನಲ್ಲಿ ಕರಿಮಸಿ ಕಾಣುತ್ತದೆ. ಅಥವಾ ಒಳಗೆ ಬೆವೆತ ನೀರು ಮಸಿಯ ಜೊತೆ ಸೇರಿ ಕೆಸರಿನಂತೆ ಕಟ್ಟಿಕೊಳ್ಳುತ್ತದೆ. ಅಥವಾ ಇಲಿ ಕಡಿದಿರುತ್ತದೆ.

ಇಲಿ ತಮಾಷೆಯಲ್ಲ. ಮಳೆಗಾಲದಲ್ಲಿ ಬೋನೆಟ್ ಒಳಗಿನಷ್ಟು ಬೆಚ್ಚಗಿನ, ಒಣಗಿದ ಜಾಗ ಅದಕ್ಕೆ ತೋಟದಲ್ಲಿ ಇನ್ನೆಲ್ಲಿ ಸಿಗಬೇಕು? ಭತ್ತದ ಮೂಟೆ, ಕೋಳಿಗೂಡು, ನಾಯಿಯ ಊಟದ ತಟ್ಟೆ ಇರುವ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುತ್ತೀರಿ, ಅಲ್ವಾ? ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಇಟ್ಟು ನೋಡಿದವರು ಇದ್ದಾರೆ. ವಾಸನೆ ಹೋದ ಮೇಲೆ ಇಲಿ ವಾಪಸ್ ಬರುತ್ತದೆ. ಅನ್ನದ ಮೂಲ ದೂರ ಇಡುವುದು, ಗಾಡಿ ನಿಂತಿರುವಾಗ ರಾತ್ರಿ ಬೋನೆಟ್ ಎತ್ತಿಡುವುದು, ಇವೆರಡೇ ನನಗೆ ಫಲ ಕೊಟ್ಟ ಉಪಾಯಗಳು.

ಪೈಪು ತೂತಾದರೆ ಅಥವಾ ಕಟ್ಟಿಕೊಂಡರೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ಲೈಟು ಹಾಕುತ್ತದೆ, ಎಷ್ಟೋ ಗಾಡಿಗಳಲ್ಲಿ ರೀಜನ್ ಮಾಡುವುದನ್ನೇ ನಿಲ್ಲಿಸುತ್ತದೆ. ಆಮೇಲೆ ನಿಜವಾಗಿಯೂ ಮಸಿ ತುಂಬುತ್ತದೆ. ಹೀಗೆ ಕೆಲವು ನೂರು ರೂಪಾಯಿಯ ಪೈಪಿನಿಂದ ಶುರುವಾದದ್ದು ಲಕ್ಷದ ಎಸ್ಟಿಮೇಟಿಗೆ ಬಂದು ನಿಲ್ಲುತ್ತದೆ. ನಿಮ್ಮ ಎಸ್ಟಿಮೇಟ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪೈಪು ಮತ್ತು ಸೆನ್ಸರ್ ನೋಡಿದಿರಾ ಅಂತ ಕೇಳದೆ ದುಡ್ಡು ಕೊಡಬೇಡಿ ಅಂತಷ್ಟೇ.

ಮಾಕುಟ್ಟದಲ್ಲಿ ಆದದ್ದೇನು?

ಘಾಟಿ ಹತ್ತುವಾಗ ಇಂಜಿನ್ ಪೂರ್ತಿ ಶಕ್ತಿ ಹಾಕುತ್ತದೆ, ಹೊಗೆಯ ಪ್ರಮಾಣ ಜಾಸ್ತಿ. ಮೊದಲೇ ಅರ್ಧ ಕಟ್ಟಿದ ಡಿಪಿಎಫ್‌ನಲ್ಲಿ ಅಷ್ಟು ಹೊಗೆ ಹಾಯದೆ ಪ್ರೆಶರ್ ಮಿತಿ ದಾಟಿರುತ್ತದೆ. ಆಗ ಟರ್ಬೊ ಹಾಳಾಗದಿರಲಿ ಅಂತ ಕಂಪ್ಯೂಟರ್ ಪವರ್ ಕಟ್ ಮಾಡುತ್ತದೆ. ಇದಕ್ಕೆ ಲಿಂಪ್ ಮೋಡ್ ಅಂತಾರೆ. ಆಫ್ ಮಾಡಿ ಆನ್ ಮಾಡಿದಾಗ ಹೊಸದಾಗಿ ಲೆಕ್ಕ ಶುರು, ಪಿಕಪ್ ಬರುತ್ತದೆ. ರಿಪೇರಿಯಾಯಿತು ಅಂತ ಅರ್ಥ ಅಲ್ಲ. ಮಾಕುಟ್ಟ ಕಾಡಿನೊಳಗೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಇಂಥ ಗಾಡಿ ತೆಗೆದುಕೊಂಡು ಸಂಜೆ ಮೇಲೆ ಆ ದಾರಿ ಹಿಡಿಯಬೇಡಿ. ತಿತಿಮತಿ–ಆನೆಚೌಕೂರು ದಾರಿಗೂ ಇದೇ ಮಾತು. ಅಲ್ಲಿ ಆನೆ ಎದುರಾದಾಗ ರಿವರ್ಸ್ ಹೋಗುವುದಕ್ಕೂ ಪಿಕಪ್ ಬೇಕು.

ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದರಿಂದ ಲೈಟು ನಾಲ್ಕು ದಿನ ಹೋಯಿತು, ಮಸಿ ಅಲ್ಲೇ ಇತ್ತು. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಲೈಟು ಹೊತ್ತಿದ ಕ್ಷಣದಲ್ಲಿ ಸ್ಪೀಡ್ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಲೋಡ್ ಇತ್ತು ಅಂತ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಫ್ರೀಜ್ ಫ್ರೇಮ್ ಅಂತ ಹೆಸರು. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ನಮ್ಮಂಥವರಿಗೆ ಅರ್ಧ ರೋಗ ಗೊತ್ತಾಗುವುದೇ ಅದರಿಂದ.

ಈಗ ಮಾಡಬೇಕಾದ್ದು

ಸರಿಯಾದ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ. ಸ್ಟೀರಿಂಗ್ ಕೆಳಗಿನ 16 ಪಿನ್‌ನ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಡಾಂಗಲ್ ನಿಮ್ಮಲ್ಲೇ ಇದ್ದರೆ ಕೋಡ್ ಓದಬಹುದು, ಅಷ್ಟೇ. ರೀಜನ್ ಮಾಡಿಸುವ ಸಾಮರ್ಥ್ಯ ಅಗ್ಗದ ಡಾಂಗಲ್ಲುಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕೋಡ್ ಅಳಿಸುವ ಮೊದಲು ಫೋಟೋ ತೆಗೆದುಕೊಳ್ಳಿ. ಪಿ2463 ಬಂದರೆ ಮಸಿ ಮಿತಿ ಮೀರಿದೆ. ಪಿ2002 ಬಂದರೆ ಡಿಪಿಎಫ್ ಸರಿಯಾಗಿ ಸೋಸುತ್ತಿಲ್ಲ ಅಂತ ದೂರು. ಪಿ2452, ಪಿ2453 ಬಂದರೆ ಮೊದಲು ನೋಡಬೇಕಾದ್ದು ಆ ಪ್ರೆಶರ್ ಸೆನ್ಸರ್, ಪೈಪು, ವೈರು. ಕೋಡ್ ಅಂದರೆ ತೀರ್ಪಲ್ಲ, ಎಲ್ಲಿಂದ ಹುಡುಕಬೇಕು ಅಂತ ಹೇಳುತ್ತದೆ.

ಮೆಕ್ಯಾನಿಕ್ ಹತ್ತಿರ ನಿಂತು ಒಂದು ಪರೀಕ್ಷೆ ಮಾಡಿಸಿ. ಕೀ ಆನ್, ಇಂಜಿನ್ ಆಫ್. ಈಗ ಡಿಪಿಎಫ್ ಪ್ರೆಶರ್ ವ್ಯತ್ಯಾಸ ಎಷ್ಟು ತೋರಿಸುತ್ತದೆ ಅಂತ ಸ್ಕ್ಯಾನರಿನಲ್ಲಿ ನೋಡಿ. ಇಂಜಿನ್ ಓಡುತ್ತಿಲ್ಲ, ಹೊಗೆ ಇಲ್ಲ, ಹಾಗಾಗಿ ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಎರಡು ನಿಮಿಷದ ಕೆಲಸ. ಆಮೇಲೆ ಮಸಿಯ ಪ್ರಮಾಣ ಎಷ್ಟು, ಬೂದಿಯ ಪ್ರಮಾಣ ಎಷ್ಟು, ಕೊನೇ ರೀಜನ್ ಮುಗಿದು ಎಷ್ಟು ಕಿ.ಮೀ. ಆಯಿತು ಅಂತ ಕೇಳಿ. ಸರಿಯಾಗಿ ಓಡುವ ಗಾಡಿಯಲ್ಲಿ ಕೆಲವು ನೂರು ಕಿ.ಮೀ.ಗೆ ಒಂದು ರೀಜನ್ ಆಗುತ್ತದೆ. ನಿಮ್ಮದರಲ್ಲಿ ಅರ್ಧಕ್ಕೆ ನಿಂತವುಗಳ ಉದ್ದ ಪಟ್ಟಿಯೇ ಸಿಗಬಹುದು.

ಮಸಿ ಬೇರೆ, ಬೂದಿ ಬೇರೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಸಿ ಸುಡುತ್ತದೆ. ಬೂದಿ ಬರುವುದು ಮುಖ್ಯವಾಗಿ ಇಂಜಿನ್ ಆಯಿಲಿನಿಂದ, ಅದು ಸುಡಲ್ಲ. ವರ್ಷಗಟ್ಟಲೆ ಸೇರಿ ಸೇರಿ ಜಾಗ ತಿನ್ನುತ್ತದೆ. 46 ಸಾವಿರಕ್ಕೆ ಬೂದಿಯಿಂದ ಡಿಪಿಎಫ್ ತುಂಬುವುದು ಸಾಧ್ಯತೆ ಕಮ್ಮಿ, ತಪ್ಪು ಆಯಿಲ್ ಹಾಕದಿದ್ದರೆ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಮ್ಮಿ ಮಾಡುವ ಲೋ ಸ್ಯಾಪ್ಸ್ ಆಯಿಲ್ಲೇ ಬೇಕು. ಡಬ್ಬಿಯ ಹಿಂದೆ ಎಸಿಇಎ ಸಿ2 ಅಥವಾ ಸಿ3 ಅಂತ ಇರುತ್ತದೆ. ನಿಮ್ಮ ಗಾಡಿಗೆ ಯಾವುದು ಅಂತ ಮ್ಯಾನುಯಲ್ ನೋಡಿ ಅದನ್ನೇ ಹಾಕಿಸಿ. ಟ್ರ್ಯಾಕ್ಟರಿಗೆ ತಂದು ಉಳಿದ ಆಯಿಲನ್ನು ಸುರಿಯಬೇಡಿ. ತೋಟದ ಮನೆಗಳಲ್ಲಿ ಇದು ಆಗುತ್ತದೆ, ಗೊತ್ತು.

ಸೆನ್ಸರ್, ಪೈಪು ಸರಿ ಇದ್ದು ಮಸಿ ಮಾತ್ರ ಜಾಸ್ತಿ ಇದ್ದರೆ ಸ್ಕ್ಯಾನರಿನಿಂದ ಗ್ಯಾರೇಜಿನಲ್ಲೇ ರೀಜನ್ ಮಾಡಿಸಬಹುದು. ಮೊದಲು ಆಯಿಲ್ ಬದಲಿಸಿ, ಆಮೇಲೆ ರೀಜನ್. ಈ ಕ್ರಮ ತಪ್ಪಿಸಬೇಡಿ. ಡೀಸೆಲ್ ಸೇರಿದ ಆಯಿಲ್ ಇಟ್ಟುಕೊಂಡು ಅಷ್ಟು ಬಿಸಿ ಏರಿಸುವುದು ಅಪಾಯ. ರೀಜನ್ ಮಾಡುವಾಗಲೂ ಸ್ವಲ್ಪ ಡೀಸೆಲ್ ಇಳಿಯುತ್ತದೆ, ಹಾಗಾಗಿ ಕೆಲವರು ಅದಾದ ಮೇಲೆ ಇನ್ನೊಮ್ಮೆ ಬದಲಿಸುತ್ತಾರೆ. ಮುಗಿದ ಮೇಲೆ ಡಿಪ್‌ಸ್ಟಿಕ್ ನೋಡಿ, ಲೆವೆಲ್ ಮತ್ತೆ ಏರಿದ್ದರೆ ನೀವೂ ಹಾಗೇ ಮಾಡಿ. ನಿಂತಲ್ಲೇ ಸುಡುವಾಗ ಗಾಡಿಯ ಕೆಳಗೆ ವಿಪರೀತ ಬಿಸಿ. ಬರೀ ಕಾಂಕ್ರೀಟ್ ಮೇಲೆ, ಬಯಲಲ್ಲಿ ಮಾಡಬೇಕು. ಒಳಗೆ ಮುಚ್ಚಿದ ಶೆಡ್ಡಿನಲ್ಲಿ ಬೇಡ.

ಮಸಿ ತೀರಾ ಮಿತಿ ಮೀರಿದ್ದರೆ ಸ್ಕ್ಯಾನರ್ ರೀಜನ್ ಮಾಡಲು ಒಪ್ಪುವುದಿಲ್ಲ. ಒಪ್ಪಬಾರದು ಕೂಡ, ಅಷ್ಟೂ ಮಸಿ ಒಟ್ಟಿಗೆ ಉರಿದರೆ ಸೆರಾಮಿಕ್ ಒಡೆಯುತ್ತದೆ. ಆಗ ಡಿಪಿಎಫ್ ಬಿಚ್ಚಿ ಹೊರಗೆ ಕ್ಲೀನ್ ಮಾಡಿಸುವ ದಾರಿ ಇದೆ. ಮಷಿನ್ ಇಟ್ಟುಕೊಂಡು ಮಾಡುವವರಲ್ಲೇ ಮಾಡಿಸಿ, ಮುಂಚೆ ಮತ್ತು ಆಮೇಲೆ ಪ್ರೆಶರ್ ಎಷ್ಟಿತ್ತು ಅಂತ ಬರೆದುಕೊಡಲು ಕೇಳಿ. ಕಾರ್ ತೊಳೆಯುವ ಪಂಪಿನಲ್ಲಿ ನೀರು ಹೊಡೆದು ಕೊಡುತ್ತೇನೆ ಅನ್ನುವವರಿಂದ ದೂರ ಇರಿ. ಜಾಲರಿ ಮುರಿಯಬಹುದು, ಬೂದಿ ಇನ್ನೂ ಒಳಗೆ ಗಟ್ಟಿಯಾಗಿ ಕೂರಬಹುದು. ಕ್ಲೀನಿಂಗಿಗೂ ಬಗ್ಗದಿದ್ದರೆ, ಅಥವಾ ಒಳಗೆ ಒಡೆದಿದ್ದರೆ ಮಾತ್ರ ಹೊಸದು.

ಟ್ಯಾಂಕಿಗೆ ಹಾಕುವ ಡಿಪಿಎಫ್ ಕ್ಲೀನರ್ ಬಾಟಲಿ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ಕೊಟ್ಟೇ ಕೊಡುತ್ತಾರೆ. ಕೆಲವು ಮಸಿ ಸ್ವಲ್ಪ ಕಮ್ಮಿ ಬಿಸಿಯಲ್ಲಿ ಸುಡುವಂತೆ ಮಾಡುತ್ತವೆ. ಗಾಡಿ ಬಿಸಿಯೇ ಆಗದಿದ್ದರೆ, ಪೈಪು ತೂತಾಗಿದ್ದರೆ ಬಾಟಲಿಯಿಂದ ಏನೂ ಆಗಲ್ಲ.

ಕತ್ತರಿಸುವ ವಿಚಾರಕ್ಕೆ ಬರೋಣ. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ. 35 ಸಾವಿರಕ್ಕೆ ಲೈಟು ಹೋಗುತ್ತದೆ, ಪಿಕಪ್ಪೂ ಬರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಂಪ್ಯೂಟರಿಗೆ ‘ಎಲ್ಲ ಸರಿ ಇದೆ’ ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ನಾಳೆ ಇಂಜೆಕ್ಟರ್ ಸೋರಿದರೂ, ಟರ್ಬೊ ಆಯಿಲ್ ಬಿಟ್ಟರೂ ಹೇಳಬೇಕಾದ ಲೈಟು ಬಾಯಿ ಮುಚ್ಚಿಕೊಂಡಿರಬಹುದು. ಇಂಜಿನ್ ವಾರಂಟಿ ಉಳಿದಿದ್ದರೆ ಅದು ಹೋದ ಹಾಗೆ. ಕಾನೂನೂ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಾಯಿಸಲು ಬಿಡುವುದಿಲ್ಲ. 190(2)ರ ಪ್ರಕಾರ ಹೊಗೆ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ನಮ್ಮ ಗ್ಯಾರೇಜಿನಲ್ಲಿ ಆ ಕೆಲಸ ನಾವು ತೆಗೆದುಕೊಳ್ಳುವುದಿಲ್ಲ.

ಮೈಸೂರಿಗೆ ಹೋಗಬಹುದಾ?

ಆಯಿಲ್ ಬದಲಿಸಿ, ಸೆನ್ಸರ್ ನೋಡಿಸಿ, ರೀಜನ್ ಆಗಿ, ಇಂಜಿನ್ ಲೈಟು ಹೋದ ಮೇಲೆ ಧಾರಾಳವಾಗಿ ಹೋಗಿ. ಆ ಗಾಡಿಗೆ ಮೈಸೂರು ದಾರಿಯೇ ಔಷಧಿ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಅಮ್ಮನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ. ಆಸ್ಪತ್ರೆಗೆ ಹೊರಟವರನ್ನು ಕೂರಿಸಿಕೊಂಡು ಪರೀಕ್ಷೆ ಮಾಡುವ ಗಾಡಿ ಇದಲ್ಲ.

ಹೊರಡುವಾಗ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇರಲಿ. ರಿಸರ್ವಿನ ಹತ್ತಿರ ಇದ್ದರೆ ಎಷ್ಟೋ ಗಾಡಿಗಳಲ್ಲಿ ರೀಜನ್ ಶುರುವೇ ಆಗುವುದಿಲ್ಲ. ಹುಣಸೂರು ದಾಟಿದ ಮೇಲೆ ಒಂದು ಗೇರ್ ಕೆಳಗಿಟ್ಟು 2000ದಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಒಂದೇ ಸಮ ಓಡಿಸಿ. ನೂರರ ಮೇಲೆ ಹೊಡೆಯಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೇಕಾದ್ದು ಬಿಸಿ, ಸ್ಪೀಡಲ್ಲ. ಅದಕ್ಕೇ ಸಂಪಾಜೆಯಿಂದ ಮಡಿಕೇರಿಗೆ ಮೂರನೇ ಗೇರಿನಲ್ಲಿ ಹತ್ತುವುದೂ ಡಿಪಿಎಫ್‌ಗೆ ಒಳ್ಳೆಯದು. ಅದೇ ದಾರಿಯಲ್ಲಿ ಇಳಿಯುವಾಗ ಏನೂ ಪ್ರಯೋಜನ ಇಲ್ಲ. ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ಲೇ ಹೋಗುವುದಿಲ್ಲ, ತಣ್ಣಗಿನ ಗಾಳಿ ಹಾಯುತ್ತದೆ.

ರೀಜನ್ ನಡೆಯುತ್ತಿದೆ ಅಂತ ತಿಳಿಯುವುದು ಕಷ್ಟವಲ್ಲ. ನಿಂತಾಗ ಆರ್‌ಪಿಎಂ ಮಾಮೂಲಿಗಿಂತ ಸ್ವಲ್ಪ ಮೇಲಿರುತ್ತದೆ, ಮೈಲೇಜ್ ಮೀಟರ್ ಇದ್ದಕ್ಕಿದ್ದ ಹಾಗೆ ಬೀಳುತ್ತದೆ, ಆಫ್ ಮಾಡಿದರೂ ಫ್ಯಾನ್ ಜೋರಾಗಿ ಓಡುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ. ಮನೆ ಗೇಟಿನಲ್ಲಿ ಹೀಗಾದರೆ ಆಫ್ ಮಾಡದೆ ಇನ್ನೊಂದು ಹತ್ತು ಹದಿನೈದು ನಿಮಿಷ ಸುತ್ತಿ ಬನ್ನಿ. ಒಮ್ಮೊಮ್ಮೆ ಅರ್ಧಕ್ಕೆ ನಿಂತರೆ ಪರವಾಗಿಲ್ಲ, ದಿನವೂ ಆಗಬಾರದು. ಬೇಸಿಗೆಯಲ್ಲಿ ಮಾತ್ರ ಜೋಪಾನ. ರೀಜನ್ ಆದ ಗಾಡಿಯನ್ನು ಸಿಲ್ವರ್ ಓಕ್ ತರಗೆಲೆಯ ಮೇಲೆ ನಿಲ್ಲಿಸಿದರೆ ಬೆಂಕಿ ಹಿಡಿಯಬಹುದು.

ಡಬ್ಬಿ ಚಿತ್ರದ ಲೈಟು ಒಂದೇ ಬಂದರೆ ಓಡಿಸಿ, ಅದು ಓಡಿಸಿ ಅಂತಲೇ ಕೇಳುತ್ತಿರುತ್ತದೆ. ಜೊತೆಗೆ ಇಂಜಿನ್ ಲೈಟು ಬಂದರೆ ಗ್ಯಾರೇಜು. ಕೆಂಪು ಲೈಟು ಯಾವುದೇ ಬರಲಿ, ಪಕ್ಕಕ್ಕೆ ಹಾಕಿ ಆಫ್ ಮಾಡಿ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವೇ ವಾರದಲ್ಲಿ ಮಸಿ ತುಂಬಿದರೆ ತಪ್ಪು ಡಿಪಿಎಫ್‌ನದ್ದಲ್ಲ, ಅದಕ್ಕಿಂತ ಮುಂದಿನದ್ದು. ಇಂಜೆಕ್ಟರ್, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್, ಟರ್ಬೊ ಪೈಪಿನ ಲೀಕ್, ಧೂಳು ತುಂಬಿದ ಏರ್ ಫಿಲ್ಟರ್ ಎಲ್ಲ ನೋಡಬೇಕು. ತಣ್ಣಗಿನ ಊರಿನಲ್ಲಿ ಇನ್ನೊಂದನ್ನು ಮರೆಯಬಾರದು, ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್. ಅದು ತೆರೆದೇ ಸಿಕ್ಕಿಕೊಂಡಿದ್ದರೆ ಇಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಕಂಪ್ಯೂಟರ್ ರೀಜನ್ ಶುರು ಮಾಡುವುದಿಲ್ಲ. ಅರ್ಧ ಗಂಟೆ ಓಡಿಸಿದರೂ ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಬರುತ್ತಿಲ್ಲವಾ ಅಂತ ಗಮನಿಸಿ.

ಮಾರಿ ಪೆಟ್ರೋಲ್ ತೆಗೆದುಕೊಳ್ಳುವುದು ವಾಸಿಯಾ ಅಂತ ಕೇಳಿದ್ದೀರಿ. ನಿಮ್ಮ ಓಡಾಟ ಈಗಿನಷ್ಟೇ ಅಂತಾದರೆ, ಹೌದು, ಪೆಟ್ರೋಲೇ ಸರಿ. ಒಂದು ಸಲಕ್ಕೆ ಏಳೆಂಟು ಕಿ.ಮೀ.ನ ತುಂಡು ಓಡಾಟಕ್ಕೆ ಬಿಎಸ್6 ಡೀಸೆಲ್ ಹೊಂದುವುದಿಲ್ಲ, ಶೋರೂಂನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಆದರೆ ಎರಡು ವಾರಕ್ಕೊಮ್ಮೆಯಾದರೂ ಹುಣಸೂರು ಕಡೆಗೋ, ಸಂಪಾಜೆ ಇಳಿದು ಹತ್ತಲಿಕ್ಕೋ ಕೆಲಸ ಇದ್ದೇ ಇರುತ್ತದೆ ಅಂದರೆ ಈ ಗಾಡಿಯೇ ಇರಲಿ. ಮಾರುವ ತೀರ್ಮಾನ ಮಾಡಿದರೂ ರಿಪೇರಿ ಮಾಡಿಸಿ, ಡಿಪಿಎಫ್ ಇಟ್ಟುಕೊಂಡೇ ಮಾರಿ. ಕೊಳ್ಳಲು ಬರುವವರು ಈಗ ಸ್ಕ್ಯಾನರ್ ತರುತ್ತಾರೆ, ಕತ್ತರಿಸಿದ ಗಾಡಿಯ ರೇಟನ್ನು ಅಲ್ಲೇ ಇಳಿಸುತ್ತಾರೆ.